ಸೈಕಲ್ ಟೂರಿನಲ್ಲಿ ಕಡಿಮೆ ದುಡ್ಡಿಗೆ ಸಾಕಷ್ಟು ತಿನ್ನುವುದು ಹೇಗೆ: ಹುಬ್ಬಳ್ಳಿ, ಗದಗ, ಹಾವೇರಿ ಕಡೆಯ ಲೆಕ್ಕ

ಸೈಕಲ್ ಟೂರಿಗೆ ಹೊರಡುವವರು ಟೈರು, ಚೈನು, ಗೇರು, ಪಂಕ್ಚರ್ ಕಿಟ್ಟು ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಊಟದ ಮಾತು ಬಂದರೆ ಮಾತ್ರ "ದಾರಿಯಲ್ಲಿ ಏನಾದ್ರೂ ಸಿಗುತ್ತೆ ಬಿಡು" ಅಂದು ಮುಗಿಸಿಬಿಡುತ್ತಾರೆ. ಸಿಗುತ್ತೆ, ಸುಳ್ಳಲ್ಲ. ಸಿಕ್ಕಿದ್ದು ಸಾಲುತ್ತಾ ಅನ್ನೋದನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಹಾಕಿ ನೋಡೋಣ. 70 ಕೆಜಿ ತೂಕದವರು, ಹಿಂದೆ ಬ್ಯಾಗು ಕಟ್ಟಿಕೊಂಡು, ತಾಸಿಗೆ 15-16 ಕಿಲೋಮೀಟರ್ ಹೋದರೆ ತಾಸಿಗೆ 400ರಿಂದ 500 ಕ್ಯಾಲೊರಿ ಖರ್ಚು. ದಿನಕ್ಕೆ 80 ಕಿಲೋಮೀಟರ್ ಅಂದರೆ ಐದು ತಾಸು, ಅಲ್ಲಿಗೆ 2,000ದಿಂದ 2,500. ಸುಮ್ನೆ ಮನೆಯಲ್ಲಿ ಕೂತರೂ ಮೈಗೆ 1,800ರ ಹತ್ತಿರ ಬೇಕು. ಎರಡೂ ಕೂಡಿಸಿದರೆ 4,000ದ ಆಸುಪಾಸಿಗೆ ಬರುತ್ತದೆ. ನಮ್ಮ ಸ್ನಾಯು, ಲಿವರಿನಲ್ಲಿ ಸಕ್ಕರೆಯಾಗಿ ಕೂಡಿಟ್ಟಿರುವುದು 400-500 ಗ್ರಾಂ ಮಾತ್ರ, ಅದರಿಂದ ಸಿಗುವುದು ಹೆಚ್ಚೆಂದರೆ 2,000 ಕ್ಯಾಲೊರಿ. ಅದಕ್ಕೇ ಮೊದಲ ದಿನ ಬರೀ ಚಹಾ-ಬಿಸ್ಕೆಟ್ ಮೇಲೆ ಹೊಡೆದವರೂ ಊರು ಮುಟ್ಟಿಬಿಡುತ್ತಾರೆ, ಎರಡನೇ ದಿನವೂ ಹೇಗೋ ಎಳೆಯುತ್ತಾರೆ, ಮೂರನೇ ದಿನ ಮಧ್ಯಾಹ್ನ ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಕೂತು "ಯಾಕೋ ಕಾಲೇ ಬರ್ತಿಲ್ಲ" ಅನ್ನುತ್ತಾರೆ.

ನಮ್ಮ ಕಡೆ 4,000 ಕ್ಯಾಲೊರಿಗೆ ದುಡ್ಡು ಜಾಸ್ತಿ ಬೇಕಾಗಿಲ್ಲ. ಕಷ್ಟ ಇರುವುದು ಹೊಟ್ಟೆಯಲ್ಲಿ ಜಾಗ ಹೊಂದಿಸುವುದರಲ್ಲಿ. ಇಡ್ಲಿ ತಗೊಳ್ಳಿ. ಒಂದು ಇಡ್ಲಿಗೆ 50-60 ಕ್ಯಾಲೊರಿ. ನಾಲ್ಕು ತಿಂದು ಹೊಟ್ಟೆ ತುಂಬಿತು ಅಂತ ಎದ್ದರೆ ಅದು ಹೆಚ್ಚೆಂದರೆ ಅರ್ಧ ತಾಸಿನ ದಾರಿಗೆ ಬರುತ್ತದೆ. ಅದೇ ಒಂದು ಹಿಡಿ ಶೇಂಗಾ, 40 ಗ್ರಾಂ ಅಂದುಕೊಳ್ಳಿ, 230 ಕ್ಯಾಲೊರಿ ಕೊಡುತ್ತದೆ. ಕಾರಣ ಎಣ್ಣೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಹಿಟ್ಟು-ಸಕ್ಕರೆ-ಬೇಳೆಗೆ ಗ್ರಾಂಗೆ 4. ಜೊತೆಗೆ ಇಡ್ಲಿಯಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ ಇರುತ್ತದೆ. ಹಾಗಾಗಿ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಕೂತಾಗ ಇಡ್ಲಿ ಬಿಟ್ಟು ಪೂರಿ ಹೇಳಿ, ಇಲ್ಲವೇ ಒಂದು ಪ್ಲೇಟು ಉಪ್ಪಿಟ್ಟಿನ ಜೊತೆ ಒಂದು ಪ್ಲೇಟು ಶಿರಾ ಹೇಳಿ. ಮನೆಯಲ್ಲಿ ಡಾಕ್ಟರು ಬೇಡ ಅಂದ ತಿಂಡಿ ಟೂರಿನಲ್ಲಿ ಕೆಲಸಕ್ಕೆ ಬರುತ್ತದೆ. (ಸಕ್ಕರೆ ಕಾಯಿಲೆ, ಬಿಪಿ ಇದ್ದವರಿಗೆ ಈ ಮಾತು ಅಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಿಯೇ ಹೊರಡಬೇಕು.)

ಇನ್ನು ದಾರಿಯಲ್ಲಿ ತಿನ್ನುವುದು. ಪೇಟೆಯಲ್ಲಿ ಸಿಗುವ ಎನರ್ಜಿ ಬಾರು, ಜೆಲ್ಲು ಇವೆಲ್ಲ ನಮ್ಮ ಕಡೆ ಬೇಕೇ ಆಗಿಲ್ಲ. ಯಾವುದೇ ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ಶೇಂಗಾ, ಬೆಲ್ಲ, ಪುಟಾಣಿ (ಹುರಿಗಡಲೆ) ಸಿಗುತ್ತವೆ. 200 ಗ್ರಾಂ ಹುರಿದ ಶೇಂಗಾ, 100 ಗ್ರಾಂ ಪುಟಾಣಿ, 100 ಗ್ರಾಂ ಬೆಲ್ಲ. ಬೆಲ್ಲವನ್ನು ಅಡಕೆ ಗಾತ್ರಕ್ಕೆ ಒಡೆದು ಎಲ್ಲ ಕೂಡಿಸಿ ಡಬ್ಬಿಗೆ ಹಾಕಿ. 400 ಗ್ರಾಂ ತೂಕಕ್ಕೆ ಸುಮಾರು 1,900 ಕ್ಯಾಲೊರಿ. ಶೇಂಗಾ ಕೆಜಿಗೆ 150, ಪುಟಾಣಿ 120, ಬೆಲ್ಲ 60 ರೂಪಾಯಿ ಅಂತ ಹಿಡಿದರೂ ಒಟ್ಟು 50 ರೂಪಾಯಿ ಒಳಗೆ ಮುಗಿಯುತ್ತದೆ. ಒಣಕೊಬ್ಬರಿ ಹಾಕಿದರೆ ಇನ್ನೂ ಚೆನ್ನ, ಆದರೆ ಅದರ ರೇಟು ನೋಡಿಕೊಂಡು ಹಾಕಿ. ಒಂದು ಎಚ್ಚರಿಕೆ: ಶೇಂಗಾ ಕಹಿ ಬಂದರೆ, ಕಪ್ಪಗಾಗಿದ್ದರೆ, ಬೂಸಲು ವಾಸನೆ ಬಂದರೆ ಉಗುಳಿ ಎಸೆದುಬಿಡಿ. ಆ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹುರಿದರೂ ಪೂರ್ತಿ ಹೋಗುವುದಿಲ್ಲ.

ತಿನ್ನುವ ರೀತಿಯೂ ಮುಖ್ಯ. ಡಬ್ಬಿ ತೆಗೆದು ಒಂದೇ ಸಲಕ್ಕೆ ಅರ್ಧ ಖಾಲಿ ಮಾಡಿದರೆ ಹೊಟ್ಟೆ ಭಾರ, ತೇಗು, ನಿದ್ದೆ. ಕೊಬ್ಬು ನಿಧಾನಕ್ಕೆ ಅರಗುತ್ತದೆ. ಅದು ಇಡೀ ದಿನದ ಲೆಕ್ಕಕ್ಕೆ ಸೇರುತ್ತದೆ, ಈ ಕ್ಷಣದ ತುಳಿತಕ್ಕೆ ಬೇಕಾದ್ದು ಬೆಲ್ಲ, ಬಾಳೆಹಣ್ಣು, ಚುರಮುರಿ (ಮಂಡಕ್ಕಿ) ತರದ್ದು. ತುಳಿಯುವಾಗ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆ-ಪಿಷ್ಟ ಹೊಟ್ಟೆಗೆ ಹೋಗುತ್ತಿರಬೇಕು. ಒಂದು ದೊಡ್ಡ ಬಾಳೆಹಣ್ಣಿನಲ್ಲಿ 25 ಗ್ರಾಂ ಇದೆ, ಜವಾರಿ ಬಾಳೆಹಣ್ಣಾದರೆ ಎರಡು ಬೇಕು. ಅಂದರೆ ಅರ್ಧ-ಮುಕ್ಕಾಲು ತಾಸಿಗೊಮ್ಮೆ ಒಂದು ಹಣ್ಣು, ಅಥವಾ ದೊಡ್ಡದೊಂದು ತುಂಡು ಬೆಲ್ಲದ ಜೊತೆ ನಾಲ್ಕು ಕಾಳು ಶೇಂಗಾ. ಹಸಿವು ಆಗಲಿ ಅಂತ ಕಾಯಬೇಡಿ. ಹಸಿವು ಗೊತ್ತಾಗುವ ಹೊತ್ತಿಗೆ ಕೈ ನಡುಗುತ್ತಿರುತ್ತದೆ, ಜೊತೆಗಿದ್ದವರ ಮೇಲೆ ಸುಮ್ನೆ ಸಿಟ್ಟು ಬರುತ್ತಿರುತ್ತದೆ. ನನ್ನ ಪ್ರಕಾರ ಗುಂಪಿನಲ್ಲಿ ಆಗುವ ಜಗಳಗಳಲ್ಲಿ ಅರ್ಧ, ಒಂದು ಬಾಳೆಹಣ್ಣಿಗೆ ಮುಗಿಯುವಂಥವು.

ಕಿಲೋಮೀಟರ್ ಲೆಕ್ಕ ಬಿಟ್ಟು ತಾಸಿನ ಲೆಕ್ಕದಲ್ಲಿ ತಿನ್ನಿ ಅನ್ನಲು ಇನ್ನೊಂದು ಕಾರಣ ಇದೆ: ಗಾಳಿ. ಕಪ್ಪತಗುಡ್ಡದ ಸಾಲಿನಲ್ಲಿ ಅಷ್ಟು ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ. ಮಳೆಗಾಲದಲ್ಲಿ ಪಡುವಣ ಗಾಳಿ ಎರೆ ಹೊಲಗಳ ಮೇಲೆ ಅಡ್ಡಿಯೇ ಇಲ್ಲದೆ ಬರುತ್ತದೆ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೇಲೆ ಗದಗಕ್ಕೆ 60 ಕಿಲೋಮೀಟರ್ ಹತ್ತಿರ, ಹೋಗುವಾಗ ಗಾಳಿ ಬೆನ್ನಿಗಿರುತ್ತದೆ, ಬೇಗ ಮುಟ್ಟುತ್ತೀರಿ, ನಾನೇ ಹುಲಿ ಅನ್ನಿಸುತ್ತದೆ. ಅದೇ ರಸ್ತೆಯಲ್ಲಿ ವಾಪಸ್ ಬರುವಾಗ ಒಂದೂವರೆ ತಾಸು ಜಾಸ್ತಿ ಹಿಡಿದರೆ ಆಶ್ಚರ್ಯ ಬೇಡ. ಆ ಒಂದೂವರೆ ತಾಸಿಗೂ ತಿನ್ನಲು ಕೈಯಲ್ಲಿ ಏನಾದರೂ ಇರಬೇಕು.

ಗಿರ್ಮಿಟ್ ಬಗ್ಗೆ ಒಂದು ಮಾತು ಹೇಳಲೇಬೇಕು, ಬೈದರೂ ಪರವಾಗಿಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಬಂದು ಗಿರ್ಮಿಟ್ ತಿನ್ನದೆ ಹೋಗುವುದು ತಪ್ಪು. ಆದರೆ ಪ್ಲೇಟು ಎಷ್ಟು ಎತ್ತರ ಕಂಡರೂ ಚುರಮುರಿ ಹಗುರ, ಒಂದು ಪ್ಲೇಟಿನಲ್ಲಿ 50 ಗ್ರಾಂ ಇದ್ದರೆ ಹೆಚ್ಚು, ಅಂದರೆ 200 ಕ್ಯಾಲೊರಿ. ಒಗ್ಗರಣೆ ಎಣ್ಣೆ, ಪುಟಾಣಿ ಹಿಟ್ಟು ಸೇರಿ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಜೊತೆಗೆ ಎರಡು ಮಿರ್ಚಿ ಭಜಿ ತಗೊಂಡರೆ ಆಗ ಅದು ಲೆಕ್ಕಕ್ಕೆ ಬರುವ ತಿಂಡಿ. ಮಧ್ಯಾಹ್ನ ಬಿಸಿಲಿನಲ್ಲಿ ಮಾತ್ರ ಮಿರ್ಚಿ ಬೇಡ, ಸಂಜೆ ಸೈಕಲ್ ಇಳಿದ ಮೇಲೆ ತಿನ್ನಿ. ಧಾರವಾಡ ಪೇಡೆಯೂ ಹಾಗೇ. ರುಚಿಗೆ ಎರಡು ತಿನ್ನಿ, ಹೊಟ್ಟೆಗೆ ಅಂತ ತಿನ್ನಬೇಡಿ. ಅದೇ ದುಡ್ಡಿಗೆ ಶೇಂಗಾ ಉಂಡಿ ಎಷ್ಟೋ ಪಟ್ಟು ಬರುತ್ತವೆ.

ಮಧ್ಯಾಹ್ನದ ಊಟದಲ್ಲಿ ತುಂಬಾ ಜನ ಎಡವುತ್ತಾರೆ. ಖಾನಾವಳಿ ಕಂಡ ಕೂಡಲೇ ನುಗ್ಗಿ ನಾಲ್ಕು ಜೋಳದ ರೊಟ್ಟಿ, ಕಾಳು ಪಲ್ಯ, ಬದನೆಕಾಯಿ ಎಣ್ಣೆಗಾಯಿ ಹೊಡೆದು ಮತ್ತೆ ಸೈಕಲ್ ಹತ್ತುತ್ತಾರೆ. ರೊಟ್ಟಿ ಮತ್ತು ಕಾಳಿನಲ್ಲಿ ನಾರು ಜಾಸ್ತಿ, ನಿಧಾನಕ್ಕೆ ಅರಗುತ್ತವೆ. ಮುಂದಿನ ಎರಡು ತಾಸು ಹೊಟ್ಟೆ ಹಿಡಿದುಕೊಂಡೇ ತುಳಿಯಬೇಕಾಗುತ್ತದೆ. ಮಧ್ಯಾಹ್ನ ಅನ್ನ-ಸಾರು ಅಥವಾ ಮೊಸರನ್ನ, ಜೊತೆಗೆ ಒಂದು ಚಪಾತಿ, ಅಷ್ಟೇ ಸಾಕು. ಊರೊಳಗೆ ಇಂದಿರಾ ಕ್ಯಾಂಟೀನ್ ಇದ್ದರೆ ಬೆಳಿಗ್ಗೆ 5 ರೂಪಾಯಿಗೆ ತಿಂಡಿ, ಮಧ್ಯಾಹ್ನ, ರಾತ್ರಿ 10 ರೂಪಾಯಿಗೆ ಊಟ. ನಮ್ಮಂಥವರಿಗೆ ಒಂದು ಪ್ಲೇಟು ಸಾಲುವುದಿಲ್ಲ, ಹೊರಗೆ ಬಂದು ಎರಡು ಬಾಳೆಹಣ್ಣು ತಿಂದರೆ ಸರಿಹೋಗುತ್ತದೆ. ಹೈವೇ ಪಕ್ಕದ ದೊಡ್ಡ ಹೋಟೆಲ್‌ಗಳನ್ನು ಮಾತ್ರ ಬಿಟ್ಟುಬಿಡಿ. ಹುಬ್ಬಳ್ಳಿಯಿಂದ ಹಾವೇರಿ 75 ಕಿಲೋಮೀಟರ್ ಹತ್ತಿರ. ಆ ರಸ್ತೆಯಲ್ಲಿ ಶಿಗ್ಗಾವಿ, ಬಂಕಾಪುರ ಹತ್ತಿರ ಬಂದಾಗ ಊರೊಳಗೆ ತಿರುಗಿದರೆ ಅದೇ ಊಟ ಕಡಿಮೆ ರೇಟಿಗೆ ಸಿಗುತ್ತದೆ. ಕಾರಿನವರಿಗೆ ಊರೊಳಗೆ ಹೋಗಲು ಬೇಜಾರು, ಆ ಬೇಜಾರಿಗೇ ಹೈವೇಯಲ್ಲಿ ಜಾಸ್ತಿ ದುಡ್ಡು ಕೊಡುತ್ತಾರೆ. ಸೈಕಲ್ಲಿಗೆ ಏನಡ್ಡಿ?

ರಾತ್ರಿ ಮಾತ್ರ ಖಾನಾವಳಿಯೇ. ಇಡೀ ದಿನದ ಕೊರತೆಯನ್ನು ತುಂಬುವುದು ಇಲ್ಲೇ. ಹೋದ ಕೂಡಲೇ ಕೇಳಬೇಕಾದ ಪ್ರಶ್ನೆ: "ಅಣ್ಣಾರ, ಊಟಕ್ಕ ರೊಟ್ಟಿ ಎಷ್ಟ್ ಕೊಡ್ತೀರಿ?" ಕೆಲವು ಕಡೆ ಎರಡೇ, ಮೇಲೆ ಬೇಕಾದರೆ ಬೇರೆ ರೇಟು. ಕೆಲವು ಕಡೆ ಸಾಕು ಅನ್ನುವ ತನಕ. ಒಂದು ರೊಟ್ಟಿಗೆ 60 ಗ್ರಾಂ ಹಿಟ್ಟು ಅಂದರೆ 200 ಕ್ಯಾಲೊರಿ, ನಾಲ್ಕಕ್ಕೆ 800. ಅಲ್ಲಿಗೆ ನಿಲ್ಲಿಸಬೇಡಿ, ಅನ್ನಕ್ಕೂ ಜಾಗ ಇಟ್ಟಿರಿ. ಎಣ್ಣೆಗಾಯಿಯ ಮಸಾಲೆಯಲ್ಲಿ ಶೇಂಗಾ, ಎಳ್ಳು, ಎಣ್ಣೆ ಎಲ್ಲ ಇರುತ್ತದೆ, ಅದನ್ನು ತಟ್ಟೆಯಲ್ಲಿ ಬಿಡುವುದು ದುಡ್ಡು ಬಿಟ್ಟಂತೆ. ಜುಣಕ (ಕಡಲೆಹಿಟ್ಟಿನ ಪಲ್ಯ) ಇದ್ದರೆ ಎರಡು ಸಲ ಹಾಕಿಸಿಕೊಳ್ಳಿ. ಶೇಂಗಾ ಹಿಂಡಿ (ಶೇಂಗಾ ಚಟ್ನಿಪುಡಿ) ಬಡಿಸಿದಾಗ "ಅಕ್ಕಾರ, ಮ್ಯಾಲೆ ಸ್ವಲ್ಪ ಎಣ್ಣಿ ಹಾಕ್ರಿ" ಅನ್ನಿ, ಇಲ್ಲ ಅನ್ನುವವರು ಕಡಿಮೆ. ಒಂದು ದೊಡ್ಡ ಚಮಚ ಎಣ್ಣೆಗೆ 120 ಕ್ಯಾಲೊರಿ, ಅರ್ಧ ರೊಟ್ಟಿಗಿಂತ ಜಾಸ್ತಿ, ಹೊಟ್ಟೆಯಲ್ಲಿ ಜಾಗವೇ ಹಿಡಿಯುವುದಿಲ್ಲ. ಮನೆಯಿಂದಲೇ ಸಣ್ಣ ಬಾಟಲಿಯಲ್ಲಿ ಕುಸುಬಿ ಎಣ್ಣೆ ಅಥವಾ ಶೇಂಗಾ ಎಣ್ಣೆ ಒಯ್ಯುವುದು ಇನ್ನೂ ಒಳ್ಳೆಯದು. ತಿರುಪಿನ ಮುಚ್ಚಳದ ಔಷಧಿ ಬಾಟಲಿ ನೋಡಿ ತಗೊಳ್ಳಿ, ಮೇಲೆ ಎರಡು ಪ್ಲಾಸ್ಟಿಕ್ ಕವರು ಸುತ್ತಿ. ಬಟ್ಟೆಗೆ ಕುಸುಬಿ ಎಣ್ಣೆ ಬಿದ್ದರೆ ಆ ವಾಸನೆ ಬೇಗ ಬಿಡುವುದಿಲ್ಲ.

ಖಾನಾವಳಿಯಲ್ಲಿ ಹಸಿ ಮೆಂತ್ಯೆ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಇಡುತ್ತಾರೆ. ನನಗೆ ತುಂಬಾ ಇಷ್ಟ. ಟೂರಿನಲ್ಲಿ ಮಾತ್ರ ಮುಟ್ಟುವುದಿಲ್ಲ. ಯಾವ ನೀರಿನಲ್ಲಿ ತೊಳೆದಿದ್ದಾರೋ, ಹೊಟ್ಟೆ ಕೆಟ್ಟರೆ ಎರಡು ದಿನ ಹೋಯಿತು. ಉಳ್ಳಾಗಡ್ಡಿ ಬೇಕಾದರೆ ಎದುರಿಗೆ ಹೆಚ್ಚಿಸಿಕೊಂಡು ತಿನ್ನಬಹುದು. ಇನ್ನು ಸಾವಜಿ (ಖಾರದ ಮಾಂಸದ ಅಡುಗೆ). ಹುಬ್ಬಳ್ಳಿ, ಗದಗದಲ್ಲಿ ಸಾವಜಿ ಊಟ ಎಷ್ಟು ರುಚಿಯೋ ಅಷ್ಟೇ ಖಾರ. ಕ್ಯಾಲೊರಿ ಚೆನ್ನಾಗಿದೆ, ಎಣ್ಣೆ ತೇಲುತ್ತಿರುತ್ತದೆ. ಮರುದಿನ ಸೈಕಲ್ ಸೀಟಿನ ಮೇಲೆ ಕೂರಬೇಕು ಅನ್ನುವುದನ್ನು ನೆನಪಿಟ್ಟುಕೊಂಡು ತಿನ್ನಿ. ರೆಸ್ಟ್ ದಿನದ ಹಿಂದಿನ ರಾತ್ರಿಗೆ ಅದನ್ನು ಇಟ್ಟುಕೊಂಡರೆ ಒಳ್ಳೆಯದು.

ಪ್ರೋಟೀನ್ ಚಿಂತೆ ಜಾಸ್ತಿ ಬೇಡ. ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಸಾಕು. ಕಾಳು, ಮೊಸರು, ಶೇಂಗಾ ದಿನವೂ ಇದ್ದರೆ ಹೆಚ್ಚುಕಡಿಮೆ ಬಂದುಬಿಡುತ್ತದೆ. ಮೊಟ್ಟೆ ತಿನ್ನುವವರಿಗೆ ಇನ್ನೂ ಸುಲಭ, ಸಂಜೆ ಹೊತ್ತು ಗಾಡಿಗಳ ಮೇಲೆ ಸಿಗುವ ಎಗ್ ರೈಸ್ ಒಂದು ಪ್ಲೇಟಿಗೆ ಎಣ್ಣೆ, ಅನ್ನ, ಮೊಟ್ಟೆ ಮೂರೂ ಸೇರಿರುತ್ತವೆ. ಊರು ಮುಟ್ಟಿದ ಒಂದು ತಾಸಿನೊಳಗೆ ಏನಾದರೂ ತಿಂದುಬಿಡಿ, ಸ್ನಾನ, ರೂಮು, ಫೋನು ಎಲ್ಲ ಆಮೇಲೆ. ಮಲಗುವ ಮುಂಚೆ ಒಂದು ಲೋಟ ಸಕ್ಕರೆ ಹಾಕಿದ ಬಿಸಿ ಹಾಲು, ಎರಡು ಶೇಂಗಾ ಉಂಡಿ. ರಾತ್ರಿ ಮೂರು ಗಂಟೆಗೆ ಹಸಿವಾಗಿ ಎಚ್ಚರ ಆಗುತ್ತಿದ್ದರೆ ಹಗಲು ಕಡಿಮೆ ತಿಂದಿದ್ದೀರಿ ಅಂತ ಅರ್ಥ, ಮರುದಿನ ಬೆಳಿಗ್ಗೆಯೇ ಜಾಸ್ತಿ ಮಾಡಿ.

ಮನೆಯಿಂದ ಏನು ಒಯ್ಯಬೇಕು? ನಮ್ಮ ಹಿರಿಯರು ಹೊಲಕ್ಕೆ, ಜಾತ್ರೆಗೆ, ದೂರದ ಊರಿಗೆ ಕಟ್ಟಿಕೊಂಡು ಹೋಗುತ್ತಿದ್ದ ಬುತ್ತಿಯನ್ನೇ ಒಯ್ಯಿರಿ. ಖಡಕ್ ರೊಟ್ಟಿಗೆ ನೀರು ತಾಗದಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ಹುಬ್ಬಳ್ಳಿ, ಧಾರವಾಡ, ಗದಗದಲ್ಲಿ ಮನೆಯಲ್ಲೇ ಮಾಡಿ ಮಾರುವ ಅಕ್ಕಂದಿರಿದ್ದಾರೆ, ಅಂಗಡಿಗಳಲ್ಲೂ ಕಟ್ಟು ಕಟ್ಟಿ ಇಟ್ಟಿರುತ್ತಾರೆ. ಬ್ಯಾಗಿನಲ್ಲಿ ಪುಡಿಯಾಗುತ್ತದೆ ಅನ್ನುವುದು ನಿಜ. ಆಗಲಿ ಬಿಡಿ, ಮೊಸರಿನಲ್ಲಿ ಕಲಸಿ ತಿನ್ನಲು ಪುಡಿಯಾದ ರೊಟ್ಟಿಯೇ ಚೆನ್ನ. ಶೇಂಗಾ ಹಿಂಡಿ ಒಂದು ಡಬ್ಬಿ, ಅಗಸಿ ಅಥವಾ ಗುರೆಳ್ಳು ಹಿಂಡಿ ಒಂದು. ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಮಾದಲಿಯನ್ನು. ಗೋಧಿ ಪುಡಿ, ಬೆಲ್ಲ, ಪುಟಾಣಿ, ಕೊಬ್ಬರಿ, ಗಸಗಸೆ ಎಲ್ಲ ಒಣಗೇ ಇರುವುದರಿಂದ ಹಳಸುವ ಭಯ ಇಲ್ಲ, ಬಿಸಿ ಹಾಲು ಮತ್ತು ತುಪ್ಪ ಹಾಕಿ ಕಲಸಿದರೆ ಎರಡು ನಿಮಿಷದಲ್ಲಿ ಬೆಳಗಿನ ತಿಂಡಿ. ಬೆಳಿಗ್ಗೆ ಐದೂವರೆಗೆ, ಹೋಟೆಲ್ ತೆರೆಯುವ ಮುಂಚೆ, ಬೇಸಿಗೆಯ ಬಿಸಿಲು ಏರುವ ಮುಂಚೆ ಹೊರಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಶೇಂಗಾ ಹೋಳಿಗೆ ಸಿಕ್ಕರೆ ಅದೂ ಸರಿ, ಕೆಲವು ದಿನ ಇರುತ್ತದೆ, ಕೈಯಲ್ಲಿ ಹಿಡಿದು ತುಳಿಯುತ್ತಲೇ ತಿನ್ನಬಹುದು. ಸ್ಟವ್ವು, ಗ್ಯಾಸು ಒಯ್ಯಬೇಡಿ. ಊರಿಂದೂರಿಗೆ ಊಟ ಸಿಗುವ ಸೀಮೆ ಇದು, ಮೇಲಾಗಿ ವಾಪಸ್ ರೈಲಿಗೆ ಬರುವುದಾದರೆ ಗ್ಯಾಸ್ ಸಿಲಿಂಡರ್ ಒಯ್ಯಲು ಬಿಡುವುದೂ ಇಲ್ಲ.

ದುಡ್ಡು ಸೋರುವ ಜಾಗ ಊಟವಲ್ಲ, ನೀರು ಮತ್ತು ಚಹಾ. ಬೇಸಿಗೆಯಲ್ಲಿ ದಿನಕ್ಕೆ ಐದಾರು ಲೀಟರ್ ನೀರು ಬೇಕಾಗಬಹುದು, ಲೀಟರಿಗೆ 20 ರೂಪಾಯಿ ಹತ್ತಿರ ಕೊಟ್ಟು ಬಾಟಲಿ ಕೊಂಡರೆ ರಾತ್ರಿ ಊಟದ ದುಡ್ಡು ಅಲ್ಲೇ ಹೋಯಿತು. ಹೆಚ್ಚಿನ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಒಂದು ಕಾಯಿನ್ನಿಗೆ ಕೊಡಗಟ್ಟಲೆ ನೀರು. ನಿಮ್ಮ ಎರಡು ಬಾಟಲಿ ತುಂಬಿಸಿಕೊಂಡು ಉಳಿದದ್ದನ್ನು ಹಿಂದೆ ನಿಂತವರ ಕೊಡಕ್ಕೆ ಬಿಡಿ. ಗದಗ ಜಿಲ್ಲೆಯ ಮುಂಡರಗಿ ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಸಮಸ್ಯೆ ಇದೆ. ಎರಡು ದಿನ ಕುಡಿದರೆ ಏನೂ ಆಗುವುದಿಲ್ಲ, ಆದರೂ ಘಟಕದ ನೀರೇ ವಾಸಿ. ಘಟಕದ ನೀರಿನಲ್ಲಿ ಉಪ್ಪಿನ ಅಂಶ ಕಡಿಮೆ, ಬೆವರಿನಲ್ಲಿ ಹೋದ ಉಪ್ಪನ್ನು ಬೇರೆ ಕಡೆಯಿಂದ ತುಂಬಬೇಕು. ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ, ಕಾಲು ಚಮಚ ಉಪ್ಪು, ಒಂದು ನಿಂಬೆಹಣ್ಣು. 225 ಕ್ಯಾಲೊರಿಯೂ ಸಿಕ್ಕಿತು, ಉಪ್ಪೂ ಸಿಕ್ಕಿತು. ಬಿಸಿಲಿಗೆ ಬಾಯಿ ಕಟ್ಟಿ ಏನೂ ತಿನ್ನಲು ಮನಸ್ಸಾಗದ ಹೊತ್ತಿನಲ್ಲಿ ಇದು ತುಂಬಾ ಕೆಲಸ ಮಾಡುತ್ತದೆ. ಆ ಬಾಟಲಿಯನ್ನು ದಿನವೂ ತೊಳೆಯಿರಿ, ಇಲ್ಲದಿದ್ದರೆ ಹುಳಿ ಬರುತ್ತದೆ, ಇರುವೆಯೂ ಬರುತ್ತದೆ. ಕಬ್ಬಿನ ಹಾಲು ಕುಡಿಯುವುದಾದರೆ ಐಸ್ ಹಾಕಿಸಬೇಡಿ. ಮಜ್ಜಿಗೆ ಎಲ್ಲಿ ಸಿಕ್ಕರೂ ಉಪ್ಪು ಹಾಕಿ ಕುಡಿಯಿರಿ. ಚಹಾ ಕುಡಿಯಬೇಡಿ ಅಂತ ಹುಬ್ಬಳ್ಳಿಯವರಿಗೆ ಹೇಳುವ ಧೈರ್ಯ ನನಗಿಲ್ಲ, ಆದರೆ ಅರ್ಧ ಕಪ್ಪಿನಲ್ಲಿ ಇರುವುದು 50-60 ಕ್ಯಾಲೊರಿ. ಅದನ್ನು ಊಟದ ಲೆಕ್ಕಕ್ಕೆ ಹಿಡಿಯಬೇಡಿ.

ಮಠದ ಪ್ರಸಾದದ ಬಗ್ಗೆ ಕೇಳುವವರಿದ್ದಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠ, ಗದಗದ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ದಾಸೋಹ ಇದೆ, ಯಾರು ಎಂದು ಕೇಳದೆ ಬಡಿಸುತ್ತಾರೆ. ದಾರಿಯಲ್ಲಿ ಬಂದರೆ ಖಂಡಿತ ಹೋಗಿ. ಸೈಕಲ್ ಚಡ್ಡಿಯಲ್ಲೇ ಪಂಕ್ತಿಗೆ ಕೂರಬೇಡಿ, ಮೇಲೊಂದು ಪ್ಯಾಂಟೋ ಲುಂಗಿಯೋ ಸುತ್ತಿಕೊಳ್ಳಿ. ಬೇಕಾದಷ್ಟೇ ಹಾಕಿಸಿಕೊಂಡು ತಟ್ಟೆ ಖಾಲಿ ಮಾಡಿ, ಹುಂಡಿಗೆ ಕೈಲಾದಷ್ಟು ಹಾಕಿ. ಪುಕ್ಕಟೆ ಊಟದ ಮೇಲೆಯೇ ಇಡೀ ಟೂರು ಪ್ಲಾನ್ ಮಾಡುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಖಾನಾವಳಿ ಊಟ ನೂರು ರೂಪಾಯಿ ಆಸುಪಾಸು ಅಂತ ಹಿಡಿಯಿರಿ. ಬೆಳಗಿನ ತಿಂಡಿ, ಮಧ್ಯಾಹ್ನದ ಅನ್ನ-ಮೊಸರು, ಡಬ್ಬಿಯ ಶೇಂಗಾ-ಬೆಲ್ಲ, ಬಾಳೆಹಣ್ಣು, ರಾತ್ರಿ ಹಾಲು ಎಲ್ಲ ಸೇರಿ ದಿನಕ್ಕೆ 300 ರೂಪಾಯಿಯಲ್ಲಿ 4,000 ಕ್ಯಾಲೊರಿ ಆರಾಮಾಗಿ ಬರುತ್ತದೆ.

ಕೊನೆಗೆ, ಖಾನಾವಳಿ ಬಾಗಿಲು ಹಾಕಿದ ರಾತ್ರಿ. ಲಕ್ಷ್ಮೇಶ್ವರ, ಸವಣೂರಿನಂಥ ಊರಿಗೆ ಹಬ್ಬದ ದಿನವೋ ಅಮವಾಸ್ಯೆಗೋ ತಡವಾಗಿ ಮುಟ್ಟಿದರೆ ಹೀಗಾಗಬಹುದು. ಅದಕ್ಕೆ ಸಂಜೆ ಐದರೊಳಗೆ ದಾರಿಯಲ್ಲಿ ಸಿಕ್ಕ ಅಂಗಡಿಯಲ್ಲಿ ಅರ್ಧ ಲೀಟರ್ ಮೊಸರಿನ ಪಾಕೀಟು, ಒಂದು ಉಳ್ಳಾಗಡ್ಡಿ, ಚುರಮುರಿ ತಗೊಂಡಿರಿ. ಸವಣೂರ ದಾಟಿ ಬಂದಿದ್ದರೆ ಅಲ್ಲಿನ ಖಾರಾ ಕಾಲು ಕೆಜಿ ಬ್ಯಾಗಿನಲ್ಲಿ ಇದ್ದೇ ಇರಬೇಕು, ಕರಿದ ಖಾರಾಕ್ಕೆ 100 ಗ್ರಾಂಗೆ 500 ಕ್ಯಾಲೊರಿ ಮೇಲೆಯೇ. ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಖಡಕ್ ರೊಟ್ಟಿ ಮುರಿದು ಹಾಕಿ, ಮೊಸರು ಸುರಿದು, ಎರಡು ಚಮಚ ಶೇಂಗಾ ಹಿಂಡಿ, ಒಂದು ಚಮಚ ಎಣ್ಣೆ, ಉಪ್ಪು ಹಾಕಿ ಕಲಸಿ ಹತ್ತು ನಿಮಿಷ ಮುಚ್ಚಿಡಿ. ರೊಟ್ಟಿ ಮೆತ್ತಗಾಗುವ ತನಕ ಚುರಮುರಿ, ಖಾರಾ, ಹೆಚ್ಚಿದ ಉಳ್ಳಾಗಡ್ಡಿ ಕಲಸಿಕೊಂಡು ತಿನ್ನುತ್ತಿರಿ. ಒಟ್ಟು 1,500 ಕ್ಯಾಲೊರಿ ಹತ್ತಿರ ಬರುತ್ತದೆ. ಡಬ್ಬಿಯನ್ನು ಆಗಲೇ ತೊಳೆದಿಡಿ, ಬೆಳಿಗ್ಗೆ ಮಾದಲಿ ಕಲಸಲು ಅದೇ ಬೇಕು.